ಮೂರಡಿ ಎತ್ತರ

ಆ ಫೋನ್ ಬಂದಾಗ ನಾನು ಕ್ರಾಸ್‌ಕಟ್ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದೆ. 2021ರ ದೀಪಾವಳಿಗೆ ಇನ್ನೆರಡು ವಾರ ಬಾಕಿ. ಆ ದಿನಗಳಲ್ಲಿ ಅರ್ಧ ಕೊಯಮತ್ತೂರು ಆ ಒಂದೇ ಬೀದಿಯಲ್ಲಿರುತ್ತದೆ. ಫೋನ್ ಮಾಡಿದವರು ಒಂದು ಕಟ್ಟಡದ ಯಜಮಾನರು. ಗಾಂಧಿಪುರಂನ ಒಳಬೀದಿಯಲ್ಲಿ ಅವರಿಗೆ ನಾನು 2019ರಲ್ಲಿ ಆ ಕಟ್ಟಡ ಮುಗಿಸಿಕೊಟ್ಟಿದ್ದೆ. ಕೆಳಗೆ ರಕ್ತ ಪರೀಕ್ಷೆಯ ಲ್ಯಾಬು, ಮೇಲಿನ ಎರಡು ಮಹಡಿಯಲ್ಲಿ ಬಾಡಿಗೆಗೆ ಕಚೇರಿಗಳು.

"ಸಾರ್, ನಮ್ಮ ಬಿಲ್ಡಿಂಗಲ್ಲಿ ರ‍್ಯಾಂಪು, ಟಾಯ್ಲೆಟ್ಟು ಎಲ್ಲ ರೂಲ್ಸ್ ಪ್ರಕಾರ ಇದೆ ತಾನೆ? ಮೊದಲ ಮಹಡಿಯ ಆಡಿಟರ್ ಆಫೀಸಿಗೆ ಒಂದು ಹುಡುಗಿ ವ್ಹೀಲ್‌ಚೇರಿನಲ್ಲಿ ಬರ್ತಿದ್ದಾಳೆ. ಏನೋ ಸರಿಯಿಲ್ಲ ಅಂತಾಳಂತೆ."

"ಎಲ್ಲ ಸರಿಯಾಗಿದೆ ಸಾರ್. ಡ್ರಾಯಿಂಗ್ ಪ್ರಕಾರವೇ ಕಟ್ಟಿದ್ದೇವೆ," ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಫೋನ್ ಜೇಬಿಗಿಟ್ಟು ಮತ್ತೆ ಜಾಗ ಹುಡುಕತೊಡಗಿದೆ.

ಹೇಳಿದ್ದು ನಿಜವೇ ಆಗಿತ್ತು. ಡ್ರಾಯಿಂಗ್ ಪ್ರಕಾರವೇ ಕಟ್ಟಿದ್ದೆವು. ಆದರೆ ಆ ಡ್ರಾಯಿಂಗ್‌ನಲ್ಲಿ ಏನಿತ್ತು ಅನ್ನುವುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹಾಗೆ ಹೇಳಿದೆ. ಈ ಬರಹಕ್ಕೆ ಕಾರಣ ಆ ಒಂದು ಉತ್ತರ.

ನನ್ನ ಊರು ಚಾಮರಾಜನಗರದ ಕಡೆ. ಎಂಜಿನಿಯರಿಂಗ್ ಓದು ಮೈಸೂರಿನಲ್ಲಿ ಆಯಿತು. ನಮಗೆ ಕೊಯಮತ್ತೂರು ಅಂದರೆ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ, ಗಾಂಧಿಪುರಂ ನಿಲ್ದಾಣದಲ್ಲಿ ಬಸ್ಸಿಳಿಯುವುದು. ಹಾಗೆ ಇಳಿದವನು ಅಲ್ಲೇ ನಿಂತುಬಿಟ್ಟೆ. ನಿಲ್ದಾಣಕ್ಕೆ ಹತ್ತಿರದ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಸಣ್ಣ ಆಫೀಸು ಮಾಡಿದೆ. ಲಿಫ್ಟ್ ಇರಲಿಲ್ಲ, 22 ಮೆಟ್ಟಿಲು ಹತ್ತಬೇಕು. ಹದಿನೆಂಟು ವರ್ಷದಲ್ಲಿ ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಗಿರಾಕಿಯೂ ನನಗಿರಲಿಲ್ಲ. ಅದರಲ್ಲಿ ವಿಚಿತ್ರವೇನೂ ನನಗೆ ಆಗ ಕಾಣಲಿಲ್ಲ.

ಆ ಕಟ್ಟಡದ ತಪ್ಪು ಶುರುವಾದದ್ದು ಪ್ಲಿಂತ್‌ನಿಂದ. ಪ್ಲಿಂತ್ ಅಂದರೆ ರಸ್ತೆಗಿಂತ ನೆಲ ಎಷ್ಟು ಮೇಲಿದೆ ಅನ್ನುವ ಲೆಕ್ಕ. ಗಾಂಧಿಪುರಂನಲ್ಲಿ ಯಾರೇ ಮನೆ, ಅಂಗಡಿ ಕಟ್ಟಿಸಲಿ, ಮೊದಲು ಹೇಳುವ ಮಾತು "ಮೂರಡಿ ಎತ್ತರಿಸಿ" ಅಂತ. ಅದಕ್ಕೆ ಕಾರಣಗಳೂ ಇವೆ. ಪ್ರತಿ ಸಲ ಟಾರು ಹಾಕುವಾಗ ಹಳೆಯದನ್ನು ಕೆರೆಯದೆ ಅದರ ಮೇಲೇ ಹಾಕುತ್ತಾರೆ, ರಸ್ತೆ ಎರಡು ಮೂರು ಇಂಚು ಏರುತ್ತದೆ. ಇಪ್ಪತ್ತು ವರ್ಷದ ಹಿಂದೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ತಮಿಳರ ಐಪ್ಪಸಿ ತಿಂಗಳ ಮಳೆಗೆ ನೀರು ಒಳಗೆ ನುಗ್ಗುತ್ತದೆ. ಇನ್ನು ಎತ್ತರವಿದ್ದರೆ ಕಟ್ಟಡಕ್ಕೊಂದು ಗತ್ತು ಬರುತ್ತದೆ ಅನ್ನುವ ನಂಬಿಕೆ ಬೇರೆ. ಈ ಯಜಮಾನರೂ ಮೂರಡಿ ಕೇಳಿದರು, ನಾನು ಮೂರಡಿ ಬರೆದೆ.

ಈಗ ಲೆಕ್ಕ ನೋಡಿ. ಗಾಲಿಕುರ್ಚಿಯಲ್ಲಿ ಕೂತವರು ತಮ್ಮ ಕೈಬಲದಿಂದ ಹತ್ತಬೇಕಾದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಇದು ದೇಶದ ಮಾರ್ಗಸೂಚಿಗಳಲ್ಲಿ ಇರುವ 1:12. ಅಂದರೆ ಮೂರಡಿಗೆ 36 ಅಡಿ. ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಒಂದು ಸಮತಟ್ಟಾದ ಜಾಗ, ಬಾಗಿಲ ಮುಂದೆ ಇನ್ನೊಂದು. ಎಲ್ಲ ಸೇರಿ 45 ಅಡಿ ದಾಟುತ್ತದೆ. ನಿವೇಶನ ಇದ್ದದ್ದು ನಾಲ್ಕು ಸೆಂಟು, ಮುಂಭಾಗದ ಅಗಲ 30 ಅಡಿ. ಅದರಲ್ಲಿ ಮೆಟ್ಟಿಲು ಬರಬೇಕು, ಬೈಕು ನಿಲ್ಲಬೇಕು, ಜನರೇಟರ್ ಕೂರಬೇಕು. ಎಲ್ಲದಕ್ಕೂ ಜಾಗ ಕೊಟ್ಟ ಮೇಲೆ ಮೂಲೆಯಲ್ಲಿ 15 ಅಡಿ ಉಳಿಯಿತು. ಅಲ್ಲಿ ರ‍್ಯಾಂಪ್ ಬರೆದೆ. ಮೂರಡಿ ಎತ್ತರಕ್ಕೆ 15 ಅಡಿ ಉದ್ದ, ಅಂದರೆ 1:5. ಅದು ಸ್ಕೂಟರ್ ಹತ್ತಿಸುವ ಇಳಿಜಾರು. ಅಂಥದ್ದರಲ್ಲಿ ಗಾಲಿಕುರ್ಚಿಯನ್ನು ಮುಂದಕ್ಕೆ ತಳ್ಳಿದರೆ ಮುಂದಿನ ಸಣ್ಣ ಚಕ್ರಗಳು ಮೇಲೇಳುತ್ತವೆ, ಕೂತವರು ಹಿಂದಕ್ಕೆ ಮಗುಚಿಕೊಳ್ಳುತ್ತಾರೆ. ಇಳಿಯುವಾಗ ಹಿಡಿತ ತಪ್ಪಿದರೆ ನೇರ ರಸ್ತೆಗೆ.

ಶೌಚಾಲಯದ ಕತೆ ಇದಕ್ಕಿಂತ ಕೆಟ್ಟದ್ದು. ಮೊದಲು ಅದಕ್ಕೆ ನಾನು ಸರಿಯಾದ ಅಳತೆಯನ್ನೇ ಕೊಟ್ಟಿದ್ದೆ. ಪಕ್ಕದ ಕಚೇರಿಗೆ ಎರಡಡಿ ಕಡಿಮೆ ಬೀಳುತ್ತದೆ ಅಂತ ಯಜಮಾನರು ಹೇಳಿದಾಗ ಗೋಡೆಯನ್ನು ಈಚೆ ಸರಿಸಿದೆ. ಐದಡಿ ಅಗಲ, ಆರಡಿ ಉದ್ದ ಉಳಿಯಿತು. ವಾಶ್‌ಬೇಸಿನ್ ಹೊರಗಿನ ಓಣಿಗೆ ಹೋಯಿತು. ಎರಡೂವರೆ ಅಡಿಯ ಬಾಗಿಲು, ಅದೂ ಒಳಕ್ಕೆ ತೆರೆಯುವಂಥದ್ದು. ಕಂಪ್ಯೂಟರಿನಲ್ಲಿ ಗಾಲಿಕುರ್ಚಿಯ ಸಿದ್ಧ ಚಿತ್ರ ಒಂದಿರುತ್ತದೆ. ಅದನ್ನು ತಂದು ಆ ಚೌಕದೊಳಗೆ ಅಂಟಿಸಿದೆ. ಬಾಗಿಲು ಎಷ್ಟು ದೂರ ತೆರೆಯುತ್ತದೆ ಅಂತ ತೋರಿಸಲು ನಾವು ಕಾಲು ವೃತ್ತದ ಒಂದು ಗೆರೆ ಎಳೆಯುತ್ತೇವೆ. ಆ ಗೆರೆ ಕುರ್ಚಿಯ ಚಿತ್ರದ ನಡುಮಧ್ಯೆ ಹಾದುಹೋಗಿತ್ತು. ಕುರ್ಚಿ ಒಳಗಿದ್ದರೆ ಬಾಗಿಲು ಮುಚ್ಚುವುದಿಲ್ಲ ಅನ್ನುವುದು ಪರದೆಯ ಮೇಲೆ ನನ್ನ ಕಣ್ಣೆದುರೇ ಇತ್ತು. ನೋಡಿದೆ. ಫೈಲ್ ಸೇವ್ ಮಾಡಿ ಪ್ರಿಂಟ್ ಕೊಟ್ಟೆ.

"ಇಲ್ಲಿಗೆ ಯಾರು ಸಾರ್ ಹಾಗೆ ಬರ್ತಾರೆ?" ಅಂತ ಯಜಮಾನರು ಕೇಳಿದ್ದರು. ನಾನೂ ನಕ್ಕು ತಲೆಯಾಡಿಸಿದ್ದೆ. 2011ರ ಜನಗಣತಿಯಲ್ಲಿ ತಮಿಳುನಾಡಿನಲ್ಲೇ 11 ಲಕ್ಷಕ್ಕೂ ಹೆಚ್ಚು, ದೇಶದಲ್ಲಿ 2.68 ಕೋಟಿ ಅಂಗವಿಕಲರ ಲೆಕ್ಕ ಸಿಕ್ಕಿತ್ತು. ಅದರ ಮೇಲೆ ಕೋಲು ಹಿಡಿದ ಮುದುಕರು, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡವರು, ಬಸುರಿಯರು. ಲ್ಯಾಬಿಗೆ ಬರುವವರಲ್ಲಿ ಹೆಚ್ಚಿನವರು ಇವರೇ ತಾನೆ?

ಫೋನ್ ಬಂದು ಒಂದು ತಿಂಗಳಾಗಿರಬಹುದು. ತಾರಸಿಯಲ್ಲಿ ನೀರು ಸೋರುತ್ತಿದೆ ಅಂತ ನೋಡಲು ಆ ಕಟ್ಟಡಕ್ಕೆ ಹೋದೆ. ಇಳಿದು ಬರುವಾಗ ಕಸ ಗುಡಿಸುವ ಅಕ್ಕ ನನ್ನನ್ನು ಗುರುತು ಹಿಡಿದು ನಿಲ್ಲಿಸಿದರು. "ಆ ಹುಡುಗಿ ಕೆಲಸ ಬಿಟ್ಟುಬಿಟ್ಟಿತು ಸಾರ್. ಹನ್ನೊಂದೇ ದಿನ ಬಂದಿದ್ದು. ಬಾಗಿಲು ಹಾಕ್ಕೊಳಕ್ಕೆ ಆಗ್ತಿರಲಿಲ್ಲ. ನಾನು ಅದರ ದುಪಟ್ಟಾನ ಅಡ್ಡ ಹಿಡ್ಕೊಂಡು ನಿಲ್ತಿದ್ದೆ. ಗಂಡಸರು ಓಡಾಡೋ ಜಾಗ."

ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ನಡೆದದ್ದನ್ನು ಹೇಳಿ ಬಕೆಟ್ ಎತ್ತಿಕೊಂಡು ಹೋದರು. ಆ ಬಕೆಟ್ ಇಟ್ಟದ್ದು ಅದೇ ಶೌಚಾಲಯದಲ್ಲಿ. ಬಾಗಿಲ ಮೇಲೆ ಗಾಲಿಕುರ್ಚಿಯ ನೀಲಿ ಚಿಹ್ನೆ, ಒಳಗೆ ಮಾಪು, ಫಿನಾಯಿಲ್ ಡಬ್ಬ, ಮುರಿದ ಎರಡು ಕುರ್ಚಿ. ಬೀಗದ ಕೈ ವಾಚ್‌ಮನ್ ಹತ್ತಿರ.

ಟೇಪು ಜೇಬಿನಲ್ಲೇ ಇತ್ತು. ಅಳೆದೆ. ಚೌಕಟ್ಟು, ಬಾಗಿಲ ದಪ್ಪ ಕಳೆದರೆ ದಾರಿ 27 ಇಂಚು. ಸಾಮಾನ್ಯ ಗಾಲಿಕುರ್ಚಿಯೊಂದು ಅಷ್ಟರಲ್ಲಿ ತೂರುತ್ತದೆ, ಆದರೆ ಚಕ್ರ ತಿರುಗಿಸುವ ಬೆರಳ ಗೆಣ್ಣುಗಳು ಎರಡೂ ಕಡೆ ಚೌಕಟ್ಟಿಗೆ ಉಜ್ಜುತ್ತವೆ. ಚೌಕಟ್ಟಿನ ಬಣ್ಣ ಆ ಎತ್ತರದಲ್ಲಿ ಎದ್ದುಹೋಗಿತ್ತು.

ಕೆಲಸ ಬಿಟ್ಟ ಆ ಹುಡುಗಿಯನ್ನು ಹುಡುಕಿಕೊಂಡು ಹೋಗಬೇಕು ಅನ್ನಿಸಿತು. ಧೈರ್ಯ ಬರಲು ಮೂರು ವಾರ ಹಿಡಿಯಿತು. ಆಡಿಟರ್ ಮೂಲಕ ಹೇಳಿ ಕಳಿಸಿ, ಅವರು ಬರಹೇಳಿದ ಮೇಲೆ ಒಂದು ಭಾನುವಾರ ಹೋದೆ. ಟೌನ್‌ಹಾಲ್ ಆಚೆಯ ಹಳೆಯ ಬೀದಿ. ಬಾಗಿಲಲ್ಲಿ ನಿಂತು ತಮಿಳಿನಲ್ಲಿ ಹೆಸರು ಹೇಳುತ್ತಿದ್ದಾಗ ಒಳಗಿನಿಂದ ಅವರ ತಂದೆ "ಯಾರಮ್ಮಾ ಅದು?" ಅಂತ ಕನ್ನಡದಲ್ಲಿ ಕೇಳಿದರು. ದೇವಾಂಗರ ಮನೆ. ಕೊಯಮತ್ತೂರಿನ ದೇವಾಂಗರು ತಲೆಮಾರುಗಳಿಂದ ತಮಿಳು ಓದಿ, ತಮಿಳಿನಲ್ಲಿ ವ್ಯಾಪಾರ ಮಾಡಿ, ಮನೆಯೊಳಗೆ ಮಾತ್ರ ಕನ್ನಡ ಉಳಿಸಿಕೊಂಡವರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಆ ಹುಡುಗಿ, ಹುಡುಗಿ ಅಲ್ಲ, ಮೂವತ್ತು ದಾಟಿದವರು, ಆ ಹೊತ್ತಿನಿಂದ ನನ್ನನ್ನು "ಅಣ್ಣಾ" ಅಂದರು. ಬೈಯುತ್ತಾರೆ ಅಂದುಕೊಂಡು ಹೋದವನಿಗೆ ಆ ಕರೆ ಇನ್ನೂ ಭಾರವಾಯಿತು.

ಮನೆಯ ಮುಂಬಾಗಿಲಿಗೆ ಮೆಟ್ಟಿಲಿದ್ದವು. ಪಕ್ಕದ ಓಣಿಯ ಬಾಗಿಲಿಗೆ ಮರದ ಹಲಗೆ ಜೋಡಿಸಿ ಇಳಿಜಾರು ಮಾಡಿದ್ದರು. ತಂದೆ ಮಗ್ಗದ ಕೆಲಸ ಮಾಡಿದವರು, ಈಗ ಮಗ್ಗವಿಲ್ಲ, ಮಗ್ಗದ ಮನೆಯ ಹಲಗೆಗಳು ಉಳಿದಿದ್ದವು. ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಮಗಳು ಆಸ್ಪತ್ರೆಯಿಂದ ಬಂದಾಗ ಮೊದಲು ಐದಡಿಯ ಹಲಗೆ ಹಾಕಿದರಂತೆ. ಹತ್ತಲಾಗಲಿಲ್ಲ. ಎಂಟಡಿಯದು ಹಾಕಿದರು. ಹಿಂದೆ ಒಬ್ಬರು ತಳ್ಳಬೇಕಾಯಿತು. ಆಮೇಲೆ ಎರಡು ಹಲಗೆ ಜೋಡಿಸಿದರು. "ಅವಳೇ ಹತ್ತೋವರೆಗೂ ಉದ್ದ ಮಾಡ್ತಾ ಹೋದೆ," ಅಂದರು. ಮಾತಿನ ನಡುವೆ ಕೈ ತಾನಾಗಿ ಟೇಪಿಗೆ ಹೋಯಿತು. ಹೊಸ್ತಿಲ ಎತ್ತರ 11 ಇಂಚು. ಹಲಗೆಯ ಉದ್ದ ಹನ್ನೊಂದು ಅಡಿ, ಅದರ ಮೇಲೆ ಒಂದು ಗೇಣು. ಒಂದಕ್ಕೆ ಹನ್ನೆರಡು.

ನಾನು ಟೇಪು ಸುತ್ತಿ ಒಳಗಿಟ್ಟೆ. ಮಾತು ಬರಲಿಲ್ಲ.

ಮಗಳು ಹೇಳಿದ್ದನ್ನು, ಅವರ ಒಪ್ಪಿಗೆಯಿಂದ, ಇಲ್ಲಿ ಬರೆಯುತ್ತಿದ್ದೇನೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅನೇಕರಿಗೆ ಮೂತ್ರ ಬಂದದ್ದು ತಿಳಿಯುವುದಿಲ್ಲ, ತಾನಾಗಿ ಹೋಗುವುದೂ ಇಲ್ಲ. ನಾಲ್ಕೈದು ಗಂಟೆಗೊಮ್ಮೆ ತೆಳ್ಳನೆಯ ನಳಿಕೆ ಹಾಕಿ ತಾವೇ ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ನನ್ನ ಬೇಸಿನ್ ಇದ್ದದ್ದು ಹೊರಗೆ. ಕೈ ತೊಳೆದು, ಅದೇ ಕೈಯಲ್ಲಿ ಚಕ್ರ ತಿರುಗಿಸಿಕೊಂಡು ಒಳಗೆ ಹೋದರೆ ರಸ್ತೆಯ ಧೂಳೆಲ್ಲ ಮತ್ತೆ ಕೈಗೆ. ಬಾಗಿಲು ತೆರೆದೇ ಇರುತ್ತದೆ, ಹೊರಗೆ ಅಕ್ಕ ದುಪಟ್ಟಾ ಹಿಡಿದು ನಿಂತಿರುತ್ತಾರೆ, ಅವರಿಗೂ ಬೇರೆ ಮಹಡಿಯ ಕೆಲಸ ಕಾದಿರುತ್ತದೆ. "ಅದಕ್ಕೆ ಬೆಳಗ್ಗೆ ಕಾಫಿ ಕುಡಿದ್ರೆ ಆಮೇಲೆ ಸಾಯಂಕಾಲದವರೆಗೂ ನೀರು ಮುಟ್ಟುತಾ ಇರಲಿಲ್ಲ ಅಣ್ಣಾ." ಹತ್ತನೇ ದಿನ ಜ್ವರ, ಚಳಿ. ಮೂತ್ರದ ಸೋಂಕು. ಹನ್ನೆರಡನೇ ದಿನ ಅವರು ಹೋಗಲಿಲ್ಲ. ಬಿ.ಕಾಂ. ಓದಿ, ಟ್ಯಾಲಿ ಕಲಿತು, ಅಪಘಾತವಾದ ಮೇಲೆ ಸಿಕ್ಕಿದ್ದ ಮೊದಲ ಕೆಲಸ ಅದು.

"ನಿಮಗೆ ಗೊತ್ತಿರಲಿಲ್ಲ ಅಲ್ಲವಾ, ಪರವಾಗಿಲ್ಲ," ಅಂದರು. ಗೊತ್ತಿತ್ತು ಅಂತ ಹೇಳಿದೆ. ಗೋಡೆ ಸರಿಸಿದ್ದನ್ನು, ಕಾಲು ವೃತ್ತದ ಗೆರೆಯನ್ನು, ಫೋನಿನಲ್ಲಿ ಕೊಟ್ಟ ಉತ್ತರವನ್ನು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ತಂದೆ ಎದ್ದು ಒಳಗೆ ಹೋದರು. ಕಾಫಿ ಬಂತು, ಕುಡಿದೆ.

ಕಾನೂನು ಇರಲಿಲ್ಲ ಎನ್ನಲು ನನಗೆ ದಾರಿಯಿಲ್ಲ. 1995ರಲ್ಲೇ ಮೊದಲ ಕಾಯ್ದೆ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸುಗಮ್ಯ ಮಾನದಂಡಗಳನ್ನು ಪಾಲಿಸದ ನಕ್ಷೆಗೆ ಅನುಮತಿ ಇಲ್ಲ, ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರವೂ ಇಲ್ಲ ಅಂತ ಅದರ 44ನೇ ಕಲಂ ಹೇಳುತ್ತದೆ. ತಮಿಳುನಾಡಿನ 2019ರ ಕಟ್ಟಡ ನಿಯಮಗಳ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ಆದರೆ ಕೇಂದ್ರದ ಮಾರ್ಗಸೂಚಿಗಳಲ್ಲಿ ಎಷ್ಟೋ ಕಡೆ ಹೀಗಿದ್ದರೆ ಒಳ್ಳೆಯದು, ಹಾಗೆ ಮಾಡಬಹುದು ಅನ್ನುವ ಧಾಟಿಯಿತ್ತು. ನಾನು ಅದನ್ನೇ ಹಿಡಿದುಕೊಂಡೆ. "ಅದೆಲ್ಲ ಶಿಫಾರಸು ಸಾರ್, ಕಡ್ಡಾಯ ಅಲ್ಲ" ಅಂತ ಗಿರಾಕಿಗಳಿಗೆ ಎಷ್ಟು ಸಲ ಹೇಳಿದ್ದೇನೋ. ದೃಷ್ಟಿದೋಷವಿರುವ ರಾಜೀವ್ ರಾತೂರಿ ಅವರು 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಸರಿಯಾಗಿ ಈ ಮಾತನ್ನೇ ಎತ್ತಿಕೊಂಡಿತು. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮ ಶಿಫಾರಸಿನ ಮಟ್ಟಕ್ಕೆ ಇಳಿಸುವಂತಿಲ್ಲ ಅಂತ ಹೇಳಿ, ನಿಯಮಾವಳಿಯ 15ನೇ ನಿಯಮದ ಮೊದಲ ಭಾಗವನ್ನು ಕಾಯ್ದೆಗೆ ವಿರುದ್ಧವೆಂದು ಸಾರಿತು. ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದನ್ನು ಓದಿದ ದಿನ ನನಗೆ ನೆನಪಾದದ್ದು ಬಣ್ಣ ಎದ್ದುಹೋದ ಆ ಚೌಕಟ್ಟು.

ಓದಿನ ದಿನಗಳಲ್ಲೂ ಈ ವಿಷಯ ನಮಗೆ ಯಾರೂ ಹೇಳಿಕೊಡಲಿಲ್ಲ. ಮಳೆ, ಗಾಳಿ, ಭೂಕಂಪ ಎಲ್ಲಕ್ಕೂ ಲೆಕ್ಕ ಕಲಿತೆವು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು ಗಾಲಿಕುರ್ಚಿಯಲ್ಲಿ ಕೂತೇ 1959ರಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದ್ದರು. ಯೂನಿವರ್ಸಲ್ ಡಿಸೈನ್ ಎಂಬ ಮಾತನ್ನು ಬಳಕೆಗೆ ತಂದ ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಸ್ವತಃ ಪೋಲಿಯೊದಿಂದ ಗಾಲಿಕುರ್ಚಿ ಹಿಡಿದವರು. ಈ ಎರಡೂ ಹೆಸರು ನಾನು ಕೇಳಿದ್ದು ನಲವತ್ತೆಂಟನೇ ವಯಸ್ಸಿನಲ್ಲಿ. ಆದರೂ ಮೇಷ್ಟರುಗಳ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಲಾರೆ. ಬಾಗಿಲು ಮುಚ್ಚುವುದಿಲ್ಲ ಅನ್ನುವುದು ತಿಳಿಯಲು ಪಾಠ ಬೇಕಿರಲಿಲ್ಲ.

ಆ ಭಾನುವಾರದ ಭೇಟಿಯ ಮೇಲೆ ನನ್ನ ಹಳೆಯ ಕಟ್ಟಡಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಒಂದು ಕಡೆ ಗೇಟಿನಿಂದ ಲಿಫ್ಟಿನವರೆಗೆ ಅಂಧರಿಗೆಂದು ಹಳದಿ ಟೈಲ್ಸ್ ಹಾಕಿಸಿದ್ದೆ. ಚೆನ್ನಾಗಿ ಕಾಣುತ್ತದೆ ಅಂತ ಪೂರ್ತಿ ಚುಕ್ಕಿಯ ಟೈಲ್ಸನ್ನೇ ಆರಿಸಿದ್ದೆ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಇಂಥ ಕಲ್ಲು ಮಾಡಿದಾಗಿನಿಂದ ಅದು ಪಾದ ಓದುವ ಬರಹವಾಗಿ ಬೆಳೆದುಬಂದಿದೆ. ಉದ್ದ ಗೆರೆ ಇದ್ದರೆ ಮುಂದೆ ನಡೆ, ಚುಕ್ಕಿ ಇದ್ದರೆ ನಿಲ್ಲು, ಎದುರಿಗೆ ಏನೋ ಇದೆ. ಕೋಲು ಹಿಡಿದು ಬಂದ ಒಬ್ಬ ಮೇಷ್ಟರು ಆ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ನಿಲ್ಲುತ್ತಿದ್ದರಂತೆ. ನಲವತ್ತು ಅಡಿ ಉದ್ದಕ್ಕೂ ನಾನು ನಿಲ್ಲು, ನಿಲ್ಲು, ನಿಲ್ಲು ಅಂತ ಬರೆದಿಟ್ಟಿದ್ದೆ. ಅದನ್ನು ಕೀಳಿಸಿ ನನ್ನ ಖರ್ಚಿನಲ್ಲಿ ಬದಲಾಯಿಸಿದೆ.

ಗಾಂಧಿಪುರಂನ ಆ ಕಟ್ಟಡಕ್ಕೆ ಬಂದರೆ, ಯಜಮಾನರನ್ನು ಒಪ್ಪಿಸಲು ಐದು ತಿಂಗಳಾಯಿತು. ತಪ್ಪು ನನ್ನದು ಅಂತ ಬರೆದುಕೊಟ್ಟೆ, ಅರ್ಧ ಖರ್ಚು ನಾನು ಹಾಕಿದೆ. ಶೌಚಾಲಯದ ಕೆಲಸ ನಾಲ್ಕು ದಿನದ್ದು, ಅಷ್ಟೇ. ಕದ್ದಿದ್ದ ಎರಡಡಿಯನ್ನು ಪಕ್ಕದ ಕಚೇರಿಯಿಂದ ವಾಪಸು ಪಡೆದೆವು. ಇಟ್ಟಿಗೆ ಒಡೆದು ದಾರಿಯನ್ನು ಮೂರಡಿಗೂ ಮಿಗಿಲಾಗಿ ಅಗಲಿಸಿದೆವು, ಪಕ್ಕಕ್ಕೆ ಸರಿಯುವ ಬಾಗಿಲು ತೂಗುಹಾಕಿದೆವು. ಒಳಗೆ ಕುರ್ಚಿ ಪೂರ್ತಿ ಒಂದು ಸುತ್ತು ತಿರುಗಲು 1500 ಮಿಲಿಮೀಟರ್ ಖಾಲಿ ಜಾಗ ಸಿಕ್ಕಿತು. ಬೇಸಿನ್ ಕಮೋಡಿನ ಪಕ್ಕಕ್ಕೇ ಬಂತು, ಕೂತಲ್ಲಿಂದ ಕೈಗೆಟುಕುವಂತೆ. ಹಿಡಿಕಂಬಿಗಳನ್ನು ಗೋಡೆಯ ಆಚೆಯಿಂದ ಬೋಲ್ಟ್ ಹಾಕಿ ಬಿಗಿದೆವು, ಮೇಸ್ತ್ರಿ ಎರಡೂ ಕೈಯಲ್ಲಿ ಜೋತುಬಿದ್ದು ನೋಡಿದ. ಮಾಪು, ಬಕೆಟ್ ಮೆಟ್ಟಿಲ ಕೆಳಗೆ ಹೋದವು. ಬೀಗ ತೆಗೆದೆವು.

ರ‍್ಯಾಂಪ್ ಮಾತ್ರ ಸರಿಯಾಗಲಿಲ್ಲ. ಪಕ್ಕದ ಸೆಟ್‌ಬ್ಯಾಕಿನಲ್ಲಿ ಎಷ್ಟು ಎಳೆದರೂ 24 ಅಡಿಗಿಂತ ಹೆಚ್ಚು ಸಿಗಲಿಲ್ಲ. 1:8. ಎರಡೂ ಕಡೆ ಕಂಬಿ ಹಾಕಿಸಿದೆ, ನೆಲ ಒರಟು ಮಾಡಿಸಿದೆ. ಆದರೆ ಒಬ್ಬರೇ ಹತ್ತುವಂಥದ್ದಲ್ಲ ಅದು, ಹಿಂದೆ ತಳ್ಳುವವರು ಬೇಕೇ ಬೇಕು. ಒಮ್ಮೆ ಮೂರಡಿ ಎತ್ತರಕ್ಕೆ ಕಾಂಕ್ರೀಟು ಹಾಕಿದ ಮೇಲೆ ಅದನ್ನು ಇಳಿಸುವ ದಾರಿ ನನಗೆ ಸಿಗಲಿಲ್ಲ. ಆ ಕಟ್ಟಡ ನಿಂತಿರುವವರೆಗೂ ಹಾಗೇ ಇರುತ್ತದೆ. ಕೆಲಸ ಬಿಟ್ಟಿದ್ದ ಆ ಮಗಳು ಅಲ್ಲಿಗೆ ಮರಳಲಿಲ್ಲ. ಈಗ ಮನೆಯಿಂದಲೇ ಐದಾರು ಅಂಗಡಿಗಳ ಲೆಕ್ಕ ನೋಡುತ್ತಾರೆ.

ಈಗ ನಾನು ಹೊಸ ಕೆಲಸ ಹಿಡಿದಾಗ ಮೊದಲು ಬರೆಯುವುದು ರಸ್ತೆಯ ಮಟ್ಟ ಮತ್ತು ನೆಲದ ಮಟ್ಟ, ಗೋಡೆಗಳು ಆಮೇಲೆ. ನೀರಿನ ಭಯಕ್ಕೆ ಮೂರಡಿ ಎತ್ತರಿಸಲೇಬೇಕಿಲ್ಲ. ಗೇಟಿನ ಉದ್ದಕ್ಕೂ ಕಬ್ಬಿಣದ ಜಾಲರಿ ಮುಚ್ಚಿದ ಮೋರಿ ಕೊಟ್ಟರೆ ರಸ್ತೆಯಿಂದ ಬರುವ ನೀರು ಅಲ್ಲೇ ಇಳಿಯುತ್ತದೆ. ಜಾಲರಿಯ ಸಂದು ಅರ್ಧ ಇಂಚು ಮೀರಬಾರದು, ಮೀರಿದರೆ ಕುರ್ಚಿಯ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ. ನೆಲ ಆರೇಳು ಇಂಚು ಎತ್ತರವಿದ್ದರೆ ಏಳಡಿಯ ಇಳಿಜಾರು ಸಾಕು, ನಾಲ್ಕು ಸೆಂಟಿನಲ್ಲೂ ಹಿಡಿಸುತ್ತದೆ. ಕೆಲವು ಗಿರಾಕಿಗಳು ಒಪ್ಪುತ್ತಾರೆ. ಒಪ್ಪದೆ ಬೇರೆ ಎಂಜಿನಿಯರ್ ಹತ್ತಿರ ಹೋದವರು ಇದುವರೆಗೆ ಮೂವರು.

ಆ ಭಾನುವಾರ ಹೊರಡುವಾಗ ಅವರು "ನಿಮ್ಮ ಆಫೀಸು ಎಲ್ಲಿ ಅಣ್ಣಾ?" ಅಂತ ಕೇಳಿದ್ದರು. ಮೊದಲ ಮಹಡಿ ಅಂತ ಹೇಳುವಾಗ ಗಂಟಲು ಹಿಡಿದಿತ್ತು. 2023ರಲ್ಲಿ ನನ್ನ ಆಫೀಸಿದ್ದ ಬೀದಿಯ ಹಿಂಬದಿಯಲ್ಲಿ ಮುಚ್ಚಿದ್ದ ಪ್ರಿಂಟಿಂಗ್ ಪ್ರೆಸ್ಸಿನ ನೆಲಮಹಡಿ ಬಾಡಿಗೆಗೆ ಸಿಕ್ಕಿತು. ಹೊಸ್ತಿಲು ನಾಲ್ಕಿಂಚು, ಅದಕ್ಕೆ ನಾಲ್ಕಡಿಯ ಇಳಿಜಾರು, ಅಗಲವಾದ ಗಾಜಿನ ಬಾಗಿಲು. 2025ರ ಜುಲೈಯಲ್ಲಿ ನನ್ನ ತೆರಿಗೆ ಲೆಕ್ಕ ಮಾಡಿಕೊಡಲು ಅವರು ಬಂದರು. ಆಟೋದಿಂದ ಕುರ್ಚಿಗೆ ಜರುಗಿ ಕೂತು, ಇಳಿಜಾರನ್ನು ಒಬ್ಬರೇ ಹತ್ತಿದರು. ನಾನು ಒಳಗೆ ನಿಂತು ನೋಡುತ್ತಿದ್ದೆ. ಬಾಗಿಲ ಹತ್ತಿರ ನಿಂತರು. ಒಂದು ಕೈಯಲ್ಲಿ ಗಾಜನ್ನು ತಳ್ಳಿದರು. ಬಾಗಿಲು ಸ್ವಲ್ಪ ತೆರೆದು ಮತ್ತೆ ಅವರ ಮೇಲೇ ಬಂತು, ಕುರ್ಚಿ ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಿತು. ಎರಡೂ ಕೈ ಚಕ್ರಕ್ಕೆ ಹೋದವು.

ನಾನು ಓಡಿ ಬಾಗಿಲು ತೆಗೆದೆ.

"ಎರಡು ಕೈಯೂ ಚಕ್ರ ಹಿಡಿದಿರುವಾಗ ಬಾಗಿಲನ್ನ ಯಾವ ಕೈಯಲ್ಲಿ ತಳ್ಳಲಿ ಅಣ್ಣಾ?" ಅಂದರು.

ಬಾಗಿಲ ಮುಂದೆ ಸಮತಟ್ಟಾದ ಜಾಗವನ್ನೇ ನಾನು ಬಿಟ್ಟಿರಲಿಲ್ಲ. ಇಳಿಜಾರು ನೇರ ಗಾಜಿಗೇ ಮುಟ್ಟುತ್ತಿತ್ತು. ಅದರ ಮೇಲೆ ಎಸಿಯ ತಂಪು ಹೋಗದಿರಲೆಂದು ಬಿಗಿಯಾದ ಡೋರ್ ಕ್ಲೋಸರ್. ಸ್ಕ್ರೂಡ್ರೈವರ್ ತಂದು ಸ್ಟೂಲು ಹತ್ತಿ ಸ್ಕ್ರೂ ಸಡಿಲಿಸಿದೆ. ಅವರು ಹೊರಗೆ ಹೋಗಿ ಮತ್ತೆ ತಳ್ಳಿ ನೋಡಿದರು. ಇನ್ನೂ ಬಿಗಿ. ಕ್ಲೋಸರ್‌ನ ತೋಳನ್ನೇ ಬಿಚ್ಚಿ ತೆಗೆದೆ. ಮೇಸ್ತ್ರಿಗೆ ಫೋನ್ ಮಾಡಿ, ಬಾಗಿಲ ಮುಂದೆ ಐದಡಿ ಸಮ ಮಾಡಬೇಕು, ಇಳಿಜಾರು ಅಷ್ಟು ಆಚೆಗೆ ಹೋಗಬೇಕು, ನಾಳೆ ಬೆಳಗ್ಗೆಯೇ ಬಾ ಅಂದೆ. ಅಷ್ಟರಲ್ಲಿ ಅವರು ಮೇಜಿನ ಹತ್ತಿರ ಬಂದು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಿದ್ದರು. ಕುಡಿಯಲು ನೀರು ಕೇಳಿದರು. ದೊಡ್ಡ ಲೋಟದಲ್ಲಿ ಕೊಟ್ಟೆ, ಪೂರ್ತಿ ಕುಡಿದರು.